ಯಂತ್ರಪುತ್ಥಳಿಗಳೂ ಅವುಗಳ ಪ್ರೇಕ್ಷಕರೂ

ಹದಿನೆಂಟನೆಯ ಶತಮಾನದ ಪ್ಯಾರಿಸ್ ನಗರವನ್ನೂ, ಅಲ್ಲಿಯ ಗಡಿಯಾರ ಮಾಡುವವರ ಮಬ್ಬುಗತ್ತಲೆಯ ಕಾರ್ಯಾಗಾರಗಳನ್ನೂ, ಅವರ ಕೈಯಿಂದ ಚಲನೆ ಪಡೆದ ಬೊಂಬೆಗಳನ್ನೂ ವಸ್ತುವಾಗಿ ಇಟ್ಟುಕೊಂಡು ಭಯವನ್ನೂ ರಹಸ್ಯವನ್ನೂ ಹೆಣೆಯುವ ಐತಿಹಾಸಿಕ ಕಾದಂಬರಿಗಳು ಇಂಗ್ಲಿಷಿನಲ್ಲಿ ಉಂಟು. 2022ರಲ್ಲಿ ಪ್ರಕಟವಾದ ಆನಾ ಮಜ್ಜೋಲಾ ಅವರ ‘ದಿ ಕ್ಲಾಕ್‌ವರ್ಕ್ ಗರ್ಲ್’ ಅವುಗಳಲ್ಲೊಂದು. ಇಂಥ ಕೃತಿಗಳನ್ನು ಓದಿ ಮುಗಿಸಿದವರಲ್ಲಿ, ಬೊಂಬೆ ಮಿಸುಕಿದ ಸನ್ನಿವೇಶದಲ್ಲಿ ಮೈ ನವಿರೆದ್ದಿತೆನ್ನುವವರು ಕೆಲವರಾದರೆ, ವಿದ್ಯುಚ್ಛಕ್ತಿಯಿಲ್ಲದ ಆ ಕಾಲದಲ್ಲಿ ಇಂಥದೆಲ್ಲ ಎಲ್ಲಿಂದ ಬರಬೇಕು, ಇದೆಲ್ಲ ಕಲ್ಪನೆಯ ಅತಿರೇಕವೆನ್ನುವವರು ಮತ್ತೆ ಕೆಲವರು. ಎರಡನೆಯವರ ಸಂಶಯವನ್ನು ಇತಿಹಾಸವು ಸುಲಭವಾಗಿ ಪರಿಹರಿಸುತ್ತದೆ. ಮೊದಲನೆಯವರ ಭಯವೇ ಹೆಚ್ಚು ವಿಚಾರಾರ್ಹವಾದುದು. ಏಕೆಂದರೆ ಆ ಪುತ್ಥಳಿಗಳನ್ನು ಕಣ್ಣಾರೆ ಕಂಡ ಪ್ಯಾರಿಸಿನ ಜನರು ಅವಕ್ಕೆ ಹೆದರಿದಂತೆ ತೋರುವುದಿಲ್ಲ. ಹೆದರಿದವರು ಬೇರೊಂದು ಊರಿನವರು, ಅವರ ಭಯಕ್ಕೆ ಕಾರಣವೂ ಬೇರೆ.

ಗ್ರೆನೋಬಲ್ ಪಟ್ಟಣದಲ್ಲಿ ಕೈಗವಸು ಮಾಡುವವನೊಬ್ಬನ ಮಗನಾಗಿ 1709ರಲ್ಲಿ ಜನಿಸಿದ ಜಾಕ್ ದ ವೋಕಾನ್ಸೊನ್, ಇನ್ನೂ ಮೂವತ್ತು ತುಂಬದ ಯುವಕನಾಗಿದ್ದಾಗಲೇ, 1738ರ ಫೆಬ್ರವರಿಯಲ್ಲಿ ಪ್ಯಾರಿಸಿನ ಲೋಂಗ್ವಿಲ್ ಭವನದಲ್ಲಿ ಒಬ್ಬ ಕೊಳಲುಗಾರನ ಆಳೆತ್ತರದ ಪುತ್ಥಳಿಯನ್ನು ಪ್ರದರ್ಶನಕ್ಕಿಟ್ಟನು. ಪ್ರವೇಶಧನ 3 ಲಿವ್ರ್. ಕೂಲಿಕಾರನೊಬ್ಬನ ಹಲವು ದಿನಗಳ ಸಂಪಾದನೆಗೆ ಸಮನಾದ ಹಣ. ಟ್ವಿಲರಿ ಉದ್ಯಾನದಲ್ಲಿದ್ದ, ಶಿಲ್ಪಿ ಕ್ವಾಸೆವೋ ಕಡೆದ ಅಮೃತಶಿಲೆಯ ವಿಗ್ರಹವೊಂದನ್ನು ಮಾದರಿಯಾಗಿಟ್ಟುಕೊಂಡು ರೂಪಿಸಿದ ಈ ಕೊಳಲುಗಾರನ ಒಡಲೊಳಗೂ ಪೀಠದೊಳಗೂ ಒಂಬತ್ತು ತಿದಿಗಳಿಂದ ಉಸಿರು ಹರಿಯುತ್ತಿತ್ತು: ಮೂರು ತಿದಿಗಳ ಮೇಲೆ ಹೆಚ್ಚಿನ ತೂಕ, ಮೂರರ ಮೇಲೆ ಅದಕ್ಕಿಂತ ಕಡಮೆ, ಉಳಿದ ಮೂರಕ್ಕೆ ತಮ್ಮ ಭಾರವಷ್ಟೆ, ಹೀಗಾಗಿ ಗಂಟಲಿಗೆ ಬರುವ ಗಾಳಿಯಲ್ಲಿ ಬಲವಾದುದು, ಮಧ್ಯಮವಾದುದು, ಮೆಲುವಾದುದು ಎಂಬ ಮೂರು ತರಗಳಿದ್ದವು. ಮೊಳೆಗಳನ್ನು ನೆಟ್ಟ ಒಂದು ಉರುಳೆಯು ನಿಧಾನವಾಗಿ ತಿರುಗುತ್ತಿದ್ದಂತೆ ಆ ಮೊಳೆಗಳು ಹದಿನೈದು ಸನ್ನೆಗಳನ್ನು ಮೀಟುವುವು. ಆ ಸನ್ನೆಗಳಲ್ಲಿ ಕೆಲವು ಬೆರಳುಗಳನ್ನು ಎತ್ತಿ ಇಳಿಸುವುವು, ಕೆಲವು ತುಟಿಗಳನ್ನು ತೆರೆದು ಮುಚ್ಚಿ ಮುಂದಕ್ಕೂ ಹಿಂದಕ್ಕೂ ಸರಿಸುವುವು, ಒಂದು ಲೋಹದ ನಾಲಗೆಯನ್ನು ಆಡಿಸಿ ಗಾಳಿಯನ್ನು ತಡೆಯುವುದು, ಬಿಡುವುದು. ಮರದ ಬೆರಳು ರಂಧ್ರವನ್ನು ಬಿಗಿಯಾಗಿ ಮುಚ್ಚಲಾರದೆಂದು ತುದಿಗಳಿಗೆ ತೊಗಲನ್ನು ಹೊದಿಸಿದ್ದನು. ಕೊಳಲೂದುವವನ ತುಟಿಯು ಯಾವ ಸ್ವರಕ್ಕೆ ಎಷ್ಟು ಅಗಲುತ್ತದೆ, ಉಸಿರು ಎಷ್ಟು ಬಿಗಿಯುತ್ತದೆ ಎಂಬುದನ್ನು ಇಷ್ಟು ಸೂಕ್ಷ್ಮವಾಗಿ ಗಮನಿಸಿದ ಮನಸ್ಸಿಗೆ ನಾನು ತಲೆಬಾಗುತ್ತೇನೆ; ಸಂಗೀತವನ್ನು ಪ್ರೀತಿಸದವನಿಂದ ಇದು ಆಗತಕ್ಕ ಕೆಲಸವಲ್ಲ.

ನೋಡಬಂದವರ ಮೊದಲ ಪ್ರತಿಕ್ರಿಯೆ ಭಯವಾಗಿರಲಿಲ್ಲ, ಅಪನಂಬಿಕೆಯಾಗಿತ್ತು. ಒಳಗೆ ಎಲ್ಲಿಯೋ ತಾನಾಗಿ ನುಡಿಯುವ ವಾದ್ಯವೊಂದನ್ನು ಅಡಗಿಸಿಟ್ಟು, ಕೊಳಲನ್ನು ತೋರಿಕೆಗೆ ಹಿಡಿಸಿದ್ದಾನೆಂದು ಅನೇಕರು ಶಂಕಿಸಿದರು. ಹತ್ತಿರಕ್ಕೆ ಬಂದು, ತುಟಿಗಳಿಂದ ಗಾಳಿ ಹೊಮ್ಮುವುದನ್ನೂ ಬೆರಳುಗಳು ಸ್ವರವನ್ನು ಮಾರ್ಪಡಿಸುವುದನ್ನೂ ಪರೀಕ್ಷಿಸಿದ ಮೇಲೆ ಆ ಶಂಕೆ ವಿಸ್ಮಯಕ್ಕೆ ತಿರುಗಿತು. ವೋಕಾನ್ಸೊನ್ ಯಂತ್ರದ ಮರ್ಮವನ್ನು ಮುಚ್ಚಿಡದೆ ವಿಜ್ಞಾನ ಅಕಾಡೆಮಿಯ ಮುಂದೆ ಬರೆಹದಲ್ಲಿಯೇ ವಿವರಿಸಿದನು. ಸ್ವಲ್ಪ ಕಾಲದಲ್ಲಿಯೇ ಬಂದ ಅವನ ತಾಮ್ರದ ಬಾತುಕೋಳಿಯ ಕಥೆ ಇಷ್ಟು ನಿರ್ಮಲವಲ್ಲ. ಅದರ ಒಂದೊಂದು ರೆಕ್ಕೆಯಲ್ಲಿಯೂ 400ಕ್ಕೂ ಮಿಕ್ಕ ಬಿಡಿಭಾಗಗಳಿದ್ದವು. ಅದು ನೀರು ಕುಡಿಯುತ್ತಿತ್ತು, ಕಾಳು ನುಂಗುತ್ತಿತ್ತು, ನುಂಗಿದುದನ್ನು ಅರಗಿಸಿ ವಿಸರ್ಜಿಸಿದಂತೆ ತೋರಿಸುತ್ತಿತ್ತು. ತಿಂದ ಕಾಳು ಒಂದು ಕಡೆ ಉಳಿದು, ಮೊದಲೇ ಸಿದ್ಧಪಡಿಸಿಟ್ಟ ಹಸುರು ಮುದ್ದೆ ಇನ್ನೊಂದು ಕಡೆಯಿಂದ ಹೊರಬೀಳುತ್ತಿತ್ತೆಂದು, ಒಂದು ಶತಮಾನದ ತರುವಾಯ ಐಂದ್ರಜಾಲಿಕ ರಾಬರ್ಟ್ ಹೂದಾನನು ಬಯಲಿಗೆಳೆದನು. ಕೊಳಲುಗಾರನಲ್ಲಿ ಇಲ್ಲದ ಕಪಟ ಬಾತುಕೋಳಿಯಲ್ಲಿ ಇತ್ತು; ಲೋಕದ ನೆನಪಿನಲ್ಲಿ ಹೆಚ್ಚಾಗಿ ಉಳಿದದ್ದು ಬಾತುಕೋಳಿಯೇ ಎಂಬುದು ನನಗೆ ನಿಜವಾಗಿ ವ್ಯಥೆಯ ವಿಷಯ.

ಪ್ಯಾರಿಸಿನ ಜನರಿಗೆ ಭಯವೇ ಇರಲಿಲ್ಲವೆಂದಲ್ಲ. ಅಲೆಮಾರಿಗಳನ್ನು ಹಿಡಿದೊಯ್ಯುವ ರಾಜಾಜ್ಞೆಯ ನೆವದಲ್ಲಿ ಪೋಲೀಸರು ಬೀದಿಯಲ್ಲಿ ಆಡುತ್ತಿದ್ದ ಕುಶಲಕರ್ಮಿಗಳ ಮಕ್ಕಳನ್ನೂ ಹಿಡಿಯತೊಡಗಿದ್ದರಿಂದ 1750ರ ಮೇ ತಿಂಗಳಲ್ಲಿ ನಗರವು ದಂಗೆಯೆದ್ದಿತು. ಪೋಲೀಸಿನವನೊಬ್ಬನನ್ನು ಜನರು ಹೊಡೆದು ಕೊಂದರು. ಆಗಸ್ಟಿನಲ್ಲಿ ಮೂವರನ್ನು ಗಲ್ಲಿಗೇರಿಸಲಾಯಿತು. ಕುಷ್ಠರೋಗಿಯಾದ ರಾಜಕುಮಾರನೊಬ್ಬನು ವಾಸಿಯಾಗಲು ಮಕ್ಕಳ ರಕ್ತದಲ್ಲಿ ಮೀಯುತ್ತಾನೆಂಬ ವದಂತಿ ಹಬ್ಬಿತು, ಹದಿನೈದನೆಯ ಲೂಯಿಯ ಹೆಸರೂ ಅದರಲ್ಲಿ ಸೇರಿತು. ಮಕ್ಕಳ ಕಣ್ಮರೆಯು ಮೇಲೆ ಹೇಳಿದ ಕಾದಂಬರಿಯ ಒಂದು ಎಳೆ. ಮನುಷ್ಯಶರೀರದ ರಕ್ತಪರಿಚಲನೆಯನ್ನೇ ಅನುಕರಿಸುವ ಪುತ್ಥಳಿಯೊಂದನ್ನು ರಬ್ಬರಿನ ನಾಳಗಳಿಂದ ಕಟ್ಟಬೇಕೆಂದು ವೋಕಾನ್ಸೊನ್ ಯೋಚಿಸಿದ್ದನೆಂಬುದನ್ನೂ, ಅದಕ್ಕೆ ರಾಜನ ಆಸಕ್ತಿಯಿದ್ದಿತೆಂಬುದನ್ನೂ, ಅದು ಕೊನೆಮುಟ್ಟಲಿಲ್ಲವೆಂಬುದನ್ನೂ ಬಲ್ಲವರಿಗೆ, ಕಾದಂಬರಿಕಾರರು ಇಂಥ ಎಳೆಗಳನ್ನು ಬೆಸೆಯಲು ಏಕೆ ಹಂಬಲಿಸುತ್ತಾರೆಂಬುದನ್ನು ವಿವರಿಸಬೇಕಾಗಿಲ್ಲ. ಆದರೂ ಅಂದಿನ ತಾಯಂದಿರು ಅಂಜಿದ್ದು ರಾಜನ ಸಿಪಾಯಿಗಳಿಗೆ. ಗಡಿಯಾರ ಮಾಡುವವರ ಮನೆಯ ಮೇಲೆ ಅವರ ಅನುಮಾನ ಹರಿದಿರಲಿಲ್ಲ.

1774ರಲ್ಲಿ ಸ್ವಿಟ್ಸರ್ಲೆಂಡಿನ ಜಾಕೆ-ದ್ರೋ ತಂದೆ ಮಕ್ಕಳು ತೋರಿಸಿದ ಮೂರು ಪುತ್ಥಳಿಗಳನ್ನು ಇಂದಿಗೂ ನ್ಯೂಶಾಟೆಲಿನ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಸುಮಾರು 6000 ಬಿಡಿಭಾಗಗಳಿಂದಾದ ಬಾಲಲೇಖಕನು ಗರಿಯ ಲೇಖನಿಯನ್ನು ಮಸಿಯಲ್ಲಿ ಅದ್ದಿ, ಕೊಡವಿ, ತಾನು ಬರೆಯುವ ಅಕ್ಷರವನ್ನು ಕಣ್ಣಿನಿಂದ ಹಿಂಬಾಲಿಸುತ್ತಾನೆ. ವಾದ್ಯ ನುಡಿಸುವ ಕನ್ಯೆಯ ಎದೆಯು ಉಸಿರಾಡುವಂತೆ ಏರಿಳಿಯುತ್ತದೆ. ಆ ಏರಿಳಿತವನ್ನು ಕಂಡು ಅಂದಿನವರು ಮೆಚ್ಚಿ ತಲೆದೂಗಿದರು. ಅದರಲ್ಲಿ ಭೀತಿಯನ್ನು ಕಂಡದ್ದು ಮುಂದಿನ ಪೀಳಿಗೆ: 1816ರಲ್ಲಿ ಹೊರಬಂದ ಜರ್ಮನ್ ಲೇಖಕ ಹಾಫ್‌ಮನ್ನನ ಕಥೆಯೊಂದರಲ್ಲಿ ಒಲಿಂಪಿಯಾ ಎಂಬ ಬೊಂಬೆಗೆ ಮನಸೋತ ತರುಣನು, ಅವಳ ಕಣ್ಣುಗಳು ನೆಲದ ಮೇಲೆ ಬಿದ್ದಿರುವುದನ್ನು ಕಂಡು ಬುದ್ಧಿಭ್ರಮಣೆ ಹೊಂದುತ್ತಾನೆ. ಇಂದಿನ ಓದುಗರ ನವಿರೇಳಿಕೆ ಆ ಕಥೆಯ ವಂಶಕ್ಕೆ ಸೇರಿದುದು.

ನೋಡುವವನ ಮನಸ್ಸು ಯಂತ್ರಕ್ಕೆ ಅರ್ಥವನ್ನು ಹೇಗೆ ಹಚ್ಚುತ್ತದೆಂಬುದಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವಿದೆ. ಯುರೋಪಿಯನನೊಬ್ಬನನ್ನು ಕೆಡಹಿ ಅವನ ಮೇಲೆರಗಿದ ಟಿಪ್ಪು ಸುಲ್ತಾನನ ಮರದ ಹುಲಿಯು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈಸೇರಿತು. ಹಿಡಿಯನ್ನು ತಿರುಗಿಸಿದರೆ ಹುಲಿ ಗರ್ಜಿಸುವುದು, ಬಿದ್ದವನ ಕೈ ಮೇಲೆದ್ದು ಆರ್ತನಾದ ಹೊರಡುವುದು. ಹುಲಿಯ ಪಕ್ಕೆಯನ್ನು ತೆರೆದರೆ ಒಳಗೆ ಕೊಳವೆಗಳ ವಾದ್ಯವೊಂದಿದೆ. ಹುಲಿಯನ್ನೇ ತನ್ನ ಲಾಂಛನವಾಗಿಸಿಕೊಂಡಿದ್ದ ದೊರೆಗೆ ಅದು ಶತ್ರುಜಯದ ವಿನೋದ. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಅದನ್ನು ನೋಡಿದವರಿಗೆ ಅದೇ ಸುಲ್ತಾನನ ಕ್ರೌರ್ಯದ ಪ್ರಮಾಣ. ಅಲ್ಲಿಯ ಪುಸ್ತಕಭಂಡಾರದಲ್ಲಿ ಓದುತ್ತಿದ್ದ ವಿದ್ವಾಂಸರಿಗೆ ಮಾತ್ರ, ಬಂದ ಬಂದವರು ಹಿಡಿ ತಿರುಗಿಸಿ ಎಬ್ಬಿಸುತ್ತಿದ್ದ ಆ ಸದ್ದು ಬಹುಕಾಲ ತಲೆನೋವಾಗಿತ್ತು.

ನಿಜವಾಗಿ ನಡುಗಿದವರು ಲಿಯೋನಿನ ರೇಷ್ಮೆ ನೇಕಾರರು. 1741ರಲ್ಲಿ ಮಂತ್ರಿ ಕಾರ್ಡಿನಲ್ ಫ್ಲೂರಿಯು ವೋಕಾನ್ಸೊನನನ್ನು ರೇಷ್ಮೆ ಉದ್ಯಮದ ಪರೀಕ್ಷಕನನ್ನಾಗಿ ನೇಮಿಸಿದನು. ಪುತ್ಥಳಿಗಳನ್ನು ಅವನು ಮಾರಿಬಿಟ್ಟನು. ವರ್ತಕರಿಗೆ ಅನುಕೂಲವಾಗುವಂತೆ ಅವನ ಸಲಹೆಯಿಂದ ರೂಪುಗೊಂಡ ಹೊಸ ನಿಬಂಧನೆಗಳ ವಿರುದ್ಧ 1744ರಲ್ಲಿ ನೇಕಾರರು ತಿರುಗಿಬಿದ್ದಾಗ, ಅವನು ಸನ್ಯಾಸಿಯ ವೇಷದಲ್ಲಿ ಊರು ಬಿಟ್ಟು ಓಡಬೇಕಾಯಿತು. ಮರುವರ್ಷವೇ ಅವನು ತಾನಾಗಿ ನೇಯುವ ಮಗ್ಗವೊಂದನ್ನು ಕಟ್ಟಿದನು. ಹೂಬಳ್ಳಿಯ ಪಟ್ಟೆಯನ್ನು ನೇಯುವಾಗ, ನೇಕಾರನು ಲಾಳಿ ಎಸೆಯುವ ಪ್ರತಿಯೊಂದು ಸಲವೂ ಯಾವ ಹಾಸಿನೆಳೆಗಳು ಮೇಲೇಳಬೇಕೋ ಅವುಗಳ ಹುರಿಗಳನ್ನು ಎಳೆಯಲು ಮಗ್ಗದ ಪಕ್ಕದಲ್ಲಿ ಹುಡುಗಿಯೊಬ್ಬಳು ದಿನವೆಲ್ಲ ನಿಂತಿರುತ್ತಿದ್ದಳು. ಆ ಕೆಲಸವನ್ನು ಈಗ ರಂಧ್ರಗಳನ್ನು ಕೊರೆದ ಕಾಗದ ಸುತ್ತಿದ ಒಂದು ಉರುಳೆ ವಹಿಸಿಕೊಂಡಿತು. ಕೊಳಲುಗಾರನ ಬೆರಳುಗಳನ್ನು ಆಡಿಸಿದ ತತ್ತ್ವವೇ ಇದು. ಪ್ಯಾರಿಸಿನಲ್ಲಿ ಹಣ ತೆತ್ತು ಜನ ಮೆಚ್ಚಿಕೊಂಡ ಕೌಶಲವು ದುಡಿಮೆಯ ಮನೆಗೆ ಬಂದಾಗ ಏನಾಗುವುದೆಂಬುದನ್ನು ಆ ನೇಕಾರರು ಯಾವ ತತ್ತ್ವಜ್ಞಾನಿಗಿಂತಲೂ ಮೊದಲೇ ತಿಳಿದಿದ್ದರೆಂದು ನನ್ನ ದೃಢವಾದ ಅಭಿಪ್ರಾಯ.

ಆ ಮಗ್ಗ ಅವನ ಕಾಲದಲ್ಲಿ ಬಳಕೆಗೆ ಬರಲಿಲ್ಲ. 1782ರಲ್ಲಿ ಅವನು ತೀರಿಕೊಂಡ ಬಳಿಕ ಅವನ ಯಂತ್ರಸಂಗ್ರಹವು ರಾಜನಿಗೂ, ಕ್ರಾಂತಿಯ ತರುವಾಯ ಪ್ಯಾರಿಸಿನ ಕಲಾ-ಕೈಗಾರಿಕಾ ಸಂಸ್ಥೆಗೂ ಸೇರಿತು; ಅಲ್ಲಿ ಅದನ್ನು ಅಭ್ಯಾಸಮಾಡಿದ ಜಕಾರ್ಡ್ ಎಂಬ ಲಿಯೋನಿನವನೇ 1804ರಲ್ಲಿ ತನ್ನ ಮಗ್ಗವನ್ನು ಸಿದ್ಧಪಡಿಸಿದನು. ರಂಧ್ರ ಕೊರೆದ ರಟ್ಟಿನ ಕಾರ್ಡುಗಳ ಮಾಲೆ ತೂಗುವ ಅವನ ಹೆಸರಿನ ಯಂತ್ರವು ಕರ್ನಾಟಕದ ರೇಷ್ಮೆ ನೇಕಾರರಿಗೂ ಚಿರಪರಿಚಿತವಾದುದು. ಕೊಳಲುಗಾರನೂ ಬಾತುಕೋಳಿಯೂ ಹಲವರ ಕೈ ಬದಲಾಯಿಸಿ ಜರ್ಮನಿಗೆ ಹೋದವು. 1805ರಲ್ಲಿ ಹೆಲ್ಮ್‌ಸ್ಟೆಟ್ಟಿನಲ್ಲಿ ಕವಿ ಗಯಟೆ ಅವನ್ನು ಕಂಡಾಗ ಕೊಳಲು ನುಡಿಯುತ್ತಿರಲಿಲ್ಲ, ಗರಿಗಳು ಹೋದ ಬಾತುಕೋಳಿ ಕಾಳನ್ನು ನುಂಗುತ್ತಿತ್ತಾದರೂ ಅರಗಿಸುತ್ತಿರಲಿಲ್ಲ. ವೋಕಾನ್ಸೊನನ ಮಗ್ಗವು ಪ್ಯಾರಿಸಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಬೊಂಬೆಗಳ ಕಾದಂಬರಿಗಳನ್ನು ಬರೆಯುವ ಪ್ರತಿಭಾವಂತರಲ್ಲಿ ಯಾರಾದರೊಬ್ಬರು ಒಮ್ಮೆ ಪ್ಯಾರಿಸನ್ನು ಬಿಟ್ಟು ಲಿಯೋನಿಗೆ ಬಂದು, ಹುರಿ ಎಳೆಯುತ್ತಿದ್ದ ಆ ಹುಡುಗಿಯನ್ನು ನಾಯಿಕೆಯಾಗಿ ಮಾಡಿಕೊಂಡು ಬರೆಯಲಿ ಎಂದು ಆಶಿಸುತ್ತೇನೆ. ದಂಗೆಯೆದ್ದ ಬೀದಿಗಳೂ, ಮಾರುವೇಷದಲ್ಲಿ ನುಸುಳಿ ಹೋಗುವ ರಾಜಾಧಿಕಾರಿಯೂ ಅಲ್ಲಿ ಆಗಲೇ ಇದ್ದಾರೆ.