ಪೋಕೆಮಾನ್ ಗೋ

ಪೋಕೆಮಾನ್ ಗೋ ಎಂಬುದು ನಿಜವಾದ ರಸ್ತೆ, ಉದ್ಯಾನ ಮತ್ತು ಮೈದಾನಗಳಲ್ಲಿ ನಡೆದಾಡುತ್ತ ಆಡುವ ಸ್ಥಳಾಧಾರಿತ ಮೊಬೈಲ್ ಆಟ. ಅಮೆರಿಕದ ನಿಯಾಂಟಿಕ್ ಸಂಸ್ಥೆಯು ನಿಂಟೆಂಡೊ ಹಾಗೂ ದಿ ಪೋಕೆಮಾನ್ ಕಂಪನಿಗಳ ಸಹಯೋಗದಲ್ಲಿ ಇದನ್ನು ರೂಪಿಸಿ 2016ರ ಜುಲೈನಲ್ಲಿ ಬಿಡುಗಡೆ ಮಾಡಿತು. ಆಟದಲ್ಲಿ ಮುಂದುವರಿಯಲು ಮನೆಯಿಂದ ಹೊರಗೆ ಹೋಗಬೇಕಾದುದರಿಂದ, ಪೋಷಕರು ಮತ್ತು ಮಕ್ಕಳು ಜೊತೆಯಾಗಿ ಆಡುವ ಹೊರಾಂಗಣ ಚಟುವಟಿಕೆಯಾಗಿಯೂ ಇದು ಪರಿಚಿತವಾಗಿದೆ. ಸಾರ್ವಜನಿಕ ಸ್ಥಳಗಳೇ ಆಟದ ಅಂಗಳವಾಗಿರುವ ಕಾರಣ ಅಪಘಾತ, ಅತಿಕ್ರಮ ಪ್ರವೇಶ ಹಾಗೂ ಮಕ್ಕಳ ಸುರಕ್ಷತೆಯ ಪ್ರಶ್ನೆಗಳೂ ಇದರೊಂದಿಗೆ ಎದ್ದಿವೆ.

ಹಿನ್ನೆಲೆ

ಪೋಕೆಮಾನ್ ಎಂಬ ಕಾಲ್ಪನಿಕ ಜೀವಿಗಳು 1996ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಗೇಮ್ ಬಾಯ್ ಆಟಗಳ ಮೂಲಕ ಪರಿಚಿತವಾದವು. ಜಾನ್ ಹ್ಯಾಂಕೆ ನೇತೃತ್ವದ ನಿಯಾಂಟಿಕ್, ಮೊದಲು ಗೂಗಲ್‌ನ ಒಳಗಿನ ತಂಡವಾಗಿದ್ದು, 2012ರಲ್ಲಿ ಇಂಗ್ರೆಸ್ ಎಂಬ ಸ್ಥಳಾಧಾರಿತ ಆಟವನ್ನು ಹೊರತಂದಿತ್ತು. ಇಂಗ್ರೆಸ್ ಆಟಗಾರರು ಸೂಚಿಸಿದ್ದ ಸ್ಮಾರಕ, ಕಲಾಕೃತಿ ಮುಂತಾದ ಸ್ಥಳಗಳ ಮಾಹಿತಿಯೇ ಪೋಕೆಮಾನ್ ಗೋ ಆಟದ ನಕ್ಷೆಗೆ ಆಧಾರವಾಯಿತು. ಹೀಗಾಗಿ ಆಟದ ತಾಣಗಳು ನಗರಗಳಲ್ಲಿ ದಟ್ಟವಾಗಿಯೂ ಗ್ರಾಮೀಣ ಪ್ರದೇಶಗಳಲ್ಲಿ ವಿರಳವಾಗಿಯೂ ಕಂಡುಬರುತ್ತವೆ. 2025ರಲ್ಲಿ ನಿಯಾಂಟಿಕ್ ತನ್ನ ಆಟಗಳ ವಿಭಾಗವನ್ನು ಸ್ಕೋಪ್ಲಿ ಸಂಸ್ಥೆಗೆ ಮಾರಾಟ ಮಾಡಿತು.

ಆಟದ ವಿಧಾನ

ಮೊಬೈಲಿನ ಜಿಪಿಎಸ್ ಮೂಲಕ ಆಟಗಾರನು ಇರುವ ಸ್ಥಳವನ್ನು ಗುರುತಿಸಲಾಗುತ್ತದೆ. ಆತ ನಡೆದಂತೆ ಪರದೆಯ ನಕ್ಷೆಯಲ್ಲಿ ಅವನ ಪಾತ್ರವೂ ಚಲಿಸುತ್ತದೆ. ಸಮೀಪದಲ್ಲಿ ಕಾಣಿಸಿಕೊಳ್ಳುವ ಪೋಕೆಮಾನ್‌ಗಳನ್ನು ಚೆಂಡು ಎಸೆದು ಹಿಡಿಯಬೇಕು. ಕ್ಯಾಮೆರಾ ಬಳಸಿದರೆ ಅವು ಎದುರಿನ ರಸ್ತೆಯಲ್ಲಿಯೋ ಹುಲ್ಲಿನ ಮೇಲೆಯೋ ನಿಂತಂತೆ ತೋರುತ್ತವೆ. ಪೋಕೆಸ್ಟಾಪ್ ಎಂಬ ತಾಣಗಳಲ್ಲಿ ಚೆಂಡು ಮತ್ತಿತರ ಸಾಮಗ್ರಿಗಳು ದೊರೆಯುತ್ತವೆ; ಜಿಮ್ ಎಂಬ ತಾಣಗಳಲ್ಲಿ ಸೆಣಸಾಟ ನಡೆಯುತ್ತದೆ. ಮೊಟ್ಟೆಗಳು ಮರಿಯಾಗಲು 2, 5 ಅಥವಾ 10 ಕಿಲೋಮೀಟರಿನಂತಹ ನಿಗದಿತ ದೂರವನ್ನು ಕ್ರಮಿಸಬೇಕು. ವಾಹನದಲ್ಲಿ ವೇಗವಾಗಿ ಸಾಗಿದ ದೂರವನ್ನು ಆಟವು ಪರಿಗಣಿಸುವುದಿಲ್ಲ.

ಕುಟುಂಬದೊಂದಿಗೆ ಆಟ

ಆಟದ ಹಲವು ಅಂಶಗಳು ಜೊತೆಗೂಡಿ ಆಡಲು ಅನುವಾಗಿವೆ. ಒಂದೇ ಜಿಮ್‌ನಲ್ಲಿ ಹಲವರು ಸೇರಿ ಪ್ರಬಲ ಪೋಕೆಮಾನ್ ಅನ್ನು ಎದುರಿಸುವ ರೇಡ್ ಕದನಗಳು 2017ರಲ್ಲಿ ಆರಂಭವಾದವು. ಸಮೀಪದಲ್ಲಿರುವ ಇಬ್ಬರು ಗೆಳೆಯರು ತಮ್ಮ ಪೋಕೆಮಾನ್‌ಗಳನ್ನು ವಿನಿಮಯ ಮಾಡಿಕೊಳ್ಳುವ ಸೌಲಭ್ಯ 2018ರಲ್ಲಿ ಬಂದಿತು. ಅದೇ ವರ್ಷ ಪರಿಚಯಿಸಲಾದ ಅಡ್ವೆಂಚರ್ ಸಿಂಕ್ ಸೌಲಭ್ಯವು ಆಟ ಮುಚ್ಚಿದ್ದಾಗಲೂ ನಡೆದ ದೂರವನ್ನು ದಾಖಲಿಸುತ್ತದೆ. ಇದರಿಂದ ಮೊಬೈಲನ್ನು ಕಿಸೆಯಲ್ಲಿಟ್ಟು ಮಕ್ಕಳ ಕಡೆ ಗಮನವಿಡುತ್ತ ನಡೆಯಲು ಸಾಧ್ಯವಾಗುತ್ತದೆ.

ಚಿಕ್ಕ ಮಕ್ಕಳ ಖಾತೆ ತೆರೆಯಲು ಪೋಷಕರ ಅನುಮತಿ ಅಗತ್ಯ. ಆಟ ಉಚಿತವಾದರೂ ಅದರೊಳಗಿನ ನಾಣ್ಯಗಳನ್ನು ಹಣ ಕೊಟ್ಟು ಕೊಳ್ಳಬಹುದು. ಆದ್ದರಿಂದ ಮೊಬೈಲಿನಲ್ಲಿ ಖರೀದಿಗೆ ನಿರ್ಬಂಧ ಹಾಕಿಡುವುದು ಪೋಷಕರಿಗಿರುವ ಒಂದು ಉಪಾಯ.

ಆರೋಗ್ಯದ ಮೇಲಿನ ಪರಿಣಾಮ

2016ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಧ್ಯಯನವೊಂದು ಅಮೆರಿಕದ ಯುವಜನರ ನಡಿಗೆಯನ್ನು ಪರಿಶೀಲಿಸಿತು. ಆಟ ಆರಂಭಿಸಿದ ಮೊದಲ ವಾರದಲ್ಲಿ ದಿನಕ್ಕೆ ಸರಾಸರಿ 955 ಹೆಜ್ಜೆಗಳು ಹೆಚ್ಚಿದ್ದವು. ಆರನೆಯ ವಾರದ ವೇಳೆಗೆ ಈ ಹೆಚ್ಚಳ ಇಲ್ಲವಾಗಿತ್ತು. ಕೇವಲ ಆಟದ ಆಕರ್ಷಣೆಯಿಂದ ನಡಿಗೆಯ ಅಭ್ಯಾಸ ಉಳಿಯದೆಂಬುದನ್ನು ಇದು ಸೂಚಿಸುತ್ತದೆ.

ಕೋವಿಡ್-19 ಸಾಂಕ್ರಾಮಿಕದ ಸಂದರ್ಭದಲ್ಲಿ, 2020ರಲ್ಲಿ, ಮನೆಯಿಂದಲೇ ರೇಡ್‌ಗಳಲ್ಲಿ ಭಾಗವಹಿಸಲು ಅವಕಾಶ ನೀಡಲಾಯಿತು. ತಾಣಗಳನ್ನು ಬಳಸಬಹುದಾದ ದೂರವನ್ನು 40 ಮೀಟರಿನಿಂದ 80 ಮೀಟರಿಗೆ ಏರಿಸಲಾಯಿತು. 2021ರಲ್ಲಿ ಕೆಲವು ದೇಶಗಳಲ್ಲಿ ಇದನ್ನು ಮತ್ತೆ ತಗ್ಗಿಸಿದಾಗ ಆಟಗಾರರು ಪ್ರತಿಭಟಿಸಿದರು. ಬಳಿಕ 80 ಮೀಟರನ್ನೇ ಉಳಿಸಿಕೊಳ್ಳಲಾಯಿತು.

ಸುರಕ್ಷತೆ ಮತ್ತು ವಿವಾದಗಳು

ಪರದೆಯನ್ನೇ ನೋಡುತ್ತ ರಸ್ತೆ ದಾಟುವುದು ಮತ್ತು ವಾಹನ ಚಲಾಯಿಸುತ್ತ ಆಡುವುದು ಅಪಘಾತಗಳಿಗೆ ಕಾರಣವಾಗಿವೆ. ಸುತ್ತಲಿನ ಬಗ್ಗೆ ಎಚ್ಚರದಿಂದಿರುವಂತೆ ಆಟವೇ ಸೂಚನೆ ನೀಡುತ್ತದೆ. ವಾಷಿಂಗ್ಟನ್‌ನ ಹಾಲೊಕಾಸ್ಟ್ ಸ್ಮಾರಕ ವಸ್ತುಸಂಗ್ರಹಾಲಯ ಮತ್ತು ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನಗಳು ತಮ್ಮ ಆವರಣದಲ್ಲಿ ಆಡದಂತೆ 2016ರಲ್ಲಿ ಸಂದರ್ಶಕರನ್ನು ವಿನಂತಿಸಿದವು. ಮನೆಗಳ ಬಳಿ ಆಟಗಾರರು ಗುಂಪುಗೂಡುವುದನ್ನು ವಿರೋಧಿಸಿ ಅಮೆರಿಕದಲ್ಲಿ ಹೂಡಲಾಗಿದ್ದ ಮೊಕದ್ದಮೆಯು 2019ರಲ್ಲಿ ರಾಜಿಯಲ್ಲಿ ಕೊನೆಗೊಂಡಿತು. ಮನೆಮಾಲೀಕರ ದೂರಿನ ಮೇರೆಗೆ ತಾಣಗಳನ್ನು ತೆಗೆಯುವ ಕ್ರಮವನ್ನು ಸಂಸ್ಥೆ ಒಪ್ಪಿಕೊಂಡಿತು.

ಭಾರತದಲ್ಲಿ

ಪೂಜಾಸ್ಥಳಗಳಲ್ಲಿ ಆಟದ ಮೊಟ್ಟೆಗಳು ದೊರೆಯುವುದು ಧಾರ್ಮಿಕ ಭಾವನೆಗಳಿಗೆ ಧಕ್ಕೆ ತರುತ್ತದೆಂದು ಸಲ್ಲಿಸಲಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಕುರಿತು ಗುಜರಾತ್ ಉಚ್ಚ ನ್ಯಾಯಾಲಯವು 2016ರ ಸೆಪ್ಟೆಂಬರ್‌ನಲ್ಲಿ ನೋಟಿಸ್ ನೀಡಿತು. ಆಗ ಆಟ ಭಾರತದಲ್ಲಿ ಅಧಿಕೃತವಾಗಿ ಲಭ್ಯವಿರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ರಿಲಯನ್ಸ್ ಜಿಯೋ ಸಹಯೋಗದೊಂದಿಗೆ ಇಲ್ಲಿ ಬಿಡುಗಡೆಯಾಯಿತು. 2023ರಲ್ಲಿ ಆಟದ ಹಿಂದಿ ಆವೃತ್ತಿ ಬಂದಿತು.