ಹೊಸ ಗುಳಿಗೆಯ ಭಯಕ್ಕೂ ಒಂದು ಇತಿಹಾಸವಿದೆ

ತಿಂಗಳುಗಟ್ಟಲೆ ಭೇದಿ, ಮಲದಲ್ಲಿ ರಕ್ತ, ಹೊಟ್ಟೆನೋವು. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಯಲ್ಲಿ ಹೀಗಾದರೆ ಮೊದಲು ಮೂಲವ್ಯಾಧಿ ಎಂದುಕೊಳ್ಳುವುದು ಸಹಜ. ಕೊನೆಗೆ ಬಳ್ಳಾರಿಗೆ ಹೋಗಿ ಕ್ಯಾಮೆರಾ ಹಾಕಿಸಿ ನೋಡಿದಾಗ, ದೊಡ್ಡ ಕರುಳಿನಲ್ಲಿ ಹುಣ್ಣಾಗಿದೆ, ವರ್ಷಗಟ್ಟಲೆ ಗುಳಿಗೆ ನುಂಗಬೇಕು ಎಂದು ಡಾಕ್ಟರು ಹೇಳುತ್ತಾರೆ. ಅಂದು ರಾತ್ರಿ ನಿದ್ದೆ ಹತ್ತುವುದಿಲ್ಲ. ಈ ಗುಳಿಗೆಯಿಂದ ಇನ್ನೇನಾದರೂ ಆದರೆ? ಮುಂದೆ ಮಕ್ಕಳಾಗದಿದ್ದರೆ?

ಹೆದರುವುದು ತಪ್ಪಲ್ಲ. ವೈದ್ಯರೂ ಇದೇ ಪ್ರಶ್ನೆ ಹಿಡಿದು ದಶಕಗಟ್ಟಲೆ ದುಡಿದಿದ್ದಾರೆ.

ಈ ಕಾಯಿಲೆಗೆ ಬಹುಕಾಲ ಸರಿಯಾದ ಔಷಧಿಯೇ ಇರಲಿಲ್ಲ. 1930ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ ಸಲ್ಫಾಸಲಜಿನ್ ಎಂಬ ಔಷಧಿ ತಂದರು. ಅದನ್ನು ಮಾಡಿಸಿದ್ದು ಕೀಲುನೋವಿಗೆಂದು. ಕರುಳಿನ ಹುಣ್ಣಿದ್ದವರಿಗೂ ಅದರಿಂದ ಗುಣ ಕಂಡಿತು.

ಆಮೇಲೆ ಸ್ಟೀರಾಯ್ಡ್ ಬಂತು. ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು 210 ರೋಗಿಗಳಲ್ಲಿ ಕೆಲವರಿಗೆ ಕಾರ್ಟಿಸೋನ್, ಉಳಿದವರಿಗೆ ನೋಡಲು ಹಾಗೆಯೇ ಇದ್ದ ಔಷಧವಿಲ್ಲದ ಗುಳಿಗೆ ಕೊಟ್ಟು ಹೋಲಿಸಿದರು. ಫಲಿತಾಂಶ 1955ರಲ್ಲಿ ಪ್ರಕಟವಾಯಿತು. ಆರು ವಾರದಲ್ಲಿ ಕಾರ್ಟಿಸೋನ್ ತೆಗೆದುಕೊಂಡವರಲ್ಲಿ ಶೇ. 41 ಮಂದಿಗೆ ಕಾಯಿಲೆ ಹತೋಟಿಗೆ ಬಂದಿತ್ತು, ಉಳಿದವರಲ್ಲಿ ಶೇ. 16 ಮಂದಿಗೆ ಮಾತ್ರ. ಬಳ್ಳಾರಿ ಆಗ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದು ಎರಡೇ ವರ್ಷ. ಜನ ವಿಮ್ಸ್ ಎಂದು ಕರೆಯುವ ವೈದ್ಯಕೀಯ ಕಾಲೇಜು ಶುರುವಾದದ್ದು 1961ರಲ್ಲಿ.

ಸಲ್ಫಾಸಲಜಿನ್ ನುಂಗಿದ ಕೆಲವರಿಗೆ ವಾಂತಿ, ತಲೆನೋವು, ಮೈಮೇಲೆ ಗಂಧೆ. ಅದರಲ್ಲಿ ಎರಡು ಔಷಧಿ ಜೋಡಿಯಾಗಿವೆ. ಗುಣ ಕೊಡುವುದು ಯಾವುದು? 1977ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ನಮ್ಮ ನೆರೆಯ ಬಾಂಗ್ಲಾದೇಶದ ವೈದ್ಯ ಆಜಾದ್ ಖಾನ್ ಮತ್ತು ಸಂಗಡಿಗರು ಎರಡನ್ನೂ ಬೇರೆ ಬೇರೆ ಕೊಟ್ಟು ನೋಡಿದರು. ಗುಣ ಕೊಡುತ್ತಿದ್ದ ಭಾಗ ಬೇರೆ, ಹೆಚ್ಚಿನ ತೊಂದರೆಗೆ ಕಾರಣವಾದ ಸಲ್ಫಾ ಭಾಗ ಬೇರೆ. ಗುಣದ ಭಾಗವನ್ನಷ್ಟೇ ಇಟ್ಟು ಮಾಡಿದ ಗುಳಿಗೆಯೇ ಇಂದಿನ ಮೆಸಲಮಿನ್.

ಮಕ್ಕಳಾಗದಿದ್ದರೆ ಎಂಬ ಪ್ರಶ್ನೆಗೂ ಅದೇ ಕಾಲದಲ್ಲಿ ಉತ್ತರ ಸಿಕ್ಕಿತು. ಸಲ್ಫಾಸಲಜಿನ್ ಗಂಡಸರಲ್ಲಿ ವೀರ್ಯಾಣು ಕಡಿಮೆ ಮಾಡಬಹುದು. ಔಷಧಿ ನಿಲ್ಲಿಸಿದರೆ ಎರಡು ಮೂರು ತಿಂಗಳಲ್ಲಿ ಸರಿಹೋಗುತ್ತದೆ. ಮದುವೆಯಾದ ಹೊಸದಿದ್ದರೆ ನಾಚದೆ ಡಾಕ್ಟರಿಗೆ ಹೇಳಿ, ಔಷಧಿ ಬದಲಿಸುವ ದಾರಿಯಿದೆ.

1998ರಲ್ಲಿ ಅಮೆರಿಕದಲ್ಲಿ ಕ್ರಾನ್ಸ್ ಎಂಬ ಇನ್ನೊಂದು ಕರುಳಿನ ಕಾಯಿಲೆಗೆ ಇನ್‌ಫ್ಲಿಕ್ಸಿಮಾಬ್ ಇಂಜೆಕ್ಷನ್ನಿಗೆ ಒಪ್ಪಿಗೆ ಸಿಕ್ಕಿತು. ಮೂರು ವರ್ಷ ಕಳೆಯುವಷ್ಟರಲ್ಲಿ, ಮೈಯಲ್ಲಿ ಅಡಗಿದ್ದ ಕ್ಷಯ ಈ ಔಷಧಿಯಿಂದ ಏಳಬಹುದೆಂದು ಗೊತ್ತಾಯಿತು. ಅದಕ್ಕೇ ಈಗ ಇಂಥ ಇಂಜೆಕ್ಷನ್ನಿಗೆ ಮೊದಲು ಕ್ಷಯದ ಪರೀಕ್ಷೆ. ಕರುಳಿಗೇ ತಗಲುವ ಕ್ಷಯವೂ ಕ್ರಾನ್ಸ್ ಹಾಗೆಯೇ ಕಾಣುವುದರಿಂದ ನಮ್ಮ ದೇಶದಲ್ಲಿ ಈ ಪರೀಕ್ಷೆ ಇನ್ನೂ ಮುಖ್ಯ. ಎದೆಯ ಎಕ್ಸ್‌ರೇ ಬರೆದುಕೊಟ್ಟರೆ, ಹೊಟ್ಟೆನೋವಿಗೆ ಇದೇಕೆ ಎಂದು ಬಿಡಬೇಡಿ. ಅಜಥಯೊಪ್ರಿನ್ ಗುಳಿಗೆ ಬರೆದರೆ ಆಗಾಗ ರಕ್ತ ಪರೀಕ್ಷೆ ಮಾಡಿಸುವುದೂ ಹೀಗೇ. ಕೆಲವರಲ್ಲಿ ಅದು ಬಿಳಿ ರಕ್ತಕಣಗಳನ್ನು ಇಳಿಸುತ್ತದೆ.

ಒಂದೊಂದು ಪರೀಕ್ಷೆಯ ಹಿಂದೆಯೂ ಮೊದಲು ತೊಂದರೆ ಉಂಡ ಯಾರೋ ರೋಗಿಯಿದ್ದಾರೆ. ಅವರು ಪಟ್ಟ ಪಾಡು ನಮಗೆ ಎಚ್ಚರಿಕೆಯಾಗಿ ಬಂದಿದೆ.

ರಕ್ತ ನಿಂತಿತೆಂದು ಗುಳಿಗೆ ಬಿಟ್ಟರೆ ಕಾಯಿಲೆ ಮತ್ತೆ ಮರಳಬಹುದು. ಸ್ಟೀರಾಯ್ಡನ್ನಂತೂ ದಿಢೀರನೆ ಬಿಡಲೇಬಾರದು, ಡಾಕ್ಟರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಬಳ್ಳಾರಿ ಬಸ್ಸು ಹತ್ತುವ ಮುನ್ನ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಇದರಿಂದ ಏನು ತೊಂದರೆ ಬರಬಹುದು, ಯಾವ ಪರೀಕ್ಷೆ ಯಾವಾಗ, ಏನಾದರೆ ತಕ್ಷಣ ಬರಬೇಕು? ಉತ್ತರ ಕೇಳಿಕೊಂಡೇ ಹೊರಗೆ ಬನ್ನಿ.