ಗ್ರೀಕರಿಗೆ ಹಬೆಯಂತ್ರ ಸಿಕ್ಕಿದ್ದರೆ: ಒಂದು ಊಹೆ ಬೆಳೆದ ಬಗೆ

ಕ್ರಿ.ಶ. ಒಂದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೆರಾನ್ ಬರೆದ ‘ನ್ಯುಮಾಟಿಕಾ’ ಗ್ರಂಥದಲ್ಲಿ ಒಂದು ಪುಟ್ಟ ಸಾಧನದ ವಿವರಣೆ ಇದೆ. ಬಾಯಿ ಮುಚ್ಚಿದ ಹಂಡೆಯಲ್ಲಿ ನೀರು, ಅದರ ಕೆಳಗೆ ಬೆಂಕಿ. ಮುಚ್ಚಳದಿಂದ ಮೇಲೆದ್ದ ಕೊಳವೆ ಬಾಗಿ ಒಂದು ಪೊಳ್ಳು ಗುಂಡಿನೊಳಕ್ಕೆ ಹೋಗುತ್ತದೆ. ಗುಂಡಿನ ಇನ್ನೊಂದು ಬದಿಗೆ ಆಸರೆಯಾಗಿ ಒಂದು ಮೊಳೆ. ಗುಂಡಿನಿಂದ ಹೊರಚಾಚಿದ ಎರಡು ಕಿರುಗೊಳವೆಗಳ ತುದಿಗಳು ಎದುರುಬದುರು ದಿಕ್ಕಿಗೆ ಬಾಗಿವೆ. ನೀರು ಕುದಿದಾಗ ಹಬೆ ಆ ತುದಿಗಳಿಂದ ನುಗ್ಗುತ್ತದೆ, ಗುಂಡು ಗಿರ್ರನೆ ತಿರುಗುತ್ತದೆ. ಇದನ್ನು ಯಾವುದೇ ಕೆಲಸಕ್ಕೆ ಹೂಡಬಹುದೆಂದು ಹೆರಾನ್ ಹೇಳುವುದಿಲ್ಲ.

ಹೇಳಿದವರು ಅವನ ನಂತರದವರು. ‘ನ್ಯುಮಾಟಿಕಾ’ 1575ರಲ್ಲಿ ಲ್ಯಾಟಿನ್‌ಗೂ 1589ರಲ್ಲಿ ಇಟಾಲಿಯನ್‌ಗೂ ಬಂದಿತ್ತು. ಆ ಕಾಲದ ಓದುಗರ ಕಣ್ಣು ಅದರಲ್ಲಿದ್ದ ಕಾರಂಜಿಗಳ ಮೇಲೆ, ಹಾಡುವ ಯಂತ್ರಪಕ್ಷಿಗಳ ಮೇಲೆ. ಎಂಜಿನಿಯರ್ ಬೆನೆಟ್ ವುಡ್‌ಕ್ರಾಫ್ಟ್ 1851ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಹೊರತಂದಾಗ ಬ್ರಿಟನ್ನಿನ ತುಂಬ ರೈಲು ಓಡುತ್ತಿತ್ತು. ಹಬೆಯ ನಡುವೆಯೇ ಬದುಕುತ್ತಿದ್ದವರಿಗೆ ಆ ಗುಂಡು ಬೇರೆಯಾಗಿಯೇ ಕಂಡಿತು. ಇಷ್ಟು ಹತ್ತಿರ ಬಂದವರು ಮುಂದೇಕೆ ಹೋಗಲಿಲ್ಲ ಎಂಬ ಪ್ರಶ್ನೆ ಅಲ್ಲಿಂದ ಬಲವಾಯಿತು.

ಇಪ್ಪತ್ತನೆಯ ಶತಮಾನದ ಬಹುಭಾಗ ಇದಕ್ಕೆ ಸಿಕ್ಕ ಉತ್ತರ ಒಂದೇ: ಗುಲಾಮಗಿರಿ. ನೀರಿನ ಗಿರಣಿ ಪ್ರಾಚೀನರಿಗೆ ಗೊತ್ತಿದ್ದರೂ ಅದು ಹರಡಿದ್ದು ಗುಲಾಮರು ವಿರಳವಾದ ಮಧ್ಯಯುಗದಲ್ಲಿ ಎಂದು 1935ರಲ್ಲಿ ಇತಿಹಾಸಕಾರ ಮಾರ್ಕ್ ಬ್ಲಾಕ್ ವಾದಿಸಿದರು. 1965ರಲ್ಲಿ ಎಂ. ಐ. ಫಿನ್ಲೆ ಇದನ್ನು ವಿಸ್ತರಿಸಿದರು. ಭೂಮಿಯನ್ನೇ ಸಂಪತ್ತೆಂದು ಬಗೆದ ಸಮಾಜ ಉತ್ಪಾದನೆ ಹೆಚ್ಚಿಸುವ ಯಂತ್ರಕ್ಕೆ ಹಂಬಲಿಸುವುದಿಲ್ಲ ಎಂಬುದು ಅವರ ನಿಲುವು. ಕಂಬ ಸಾಗಿಸುವ ಅಗ್ಗದ ಉಪಾಯ ತಂದವನಿಗೆ ಚಕ್ರವರ್ತಿ ವೆಸ್ಪೇಸಿಯನ್ ಬಹುಮಾನ ಕೊಟ್ಟು, ಬಡವರ ಕೂಲಿ ಹೋಗುತ್ತದೆಂದು ಉಪಾಯವನ್ನು ಮಾತ್ರ ಕೈಬಿಟ್ಟನೆಂದು ಸ್ವೆಟೋನಿಯಸ್ ಬರೆದಿದ್ದಾನೆ. ಈ ಚರ್ಚೆಯಲ್ಲಿ ಆ ಪ್ರಸಂಗ ಮತ್ತೆ ಮತ್ತೆ ಬರುತ್ತದೆ.

ಕಥೆಗಾರರೂ ಇದೇ ನೆಲದಲ್ಲಿ ಉತ್ತರು. ವಿಲಿಯಂ ಗೋಲ್ಡಿಂಗ್ 1956ರ ನೀಳ್ಗತೆಯೊಂದರಲ್ಲಿ ಗ್ರೀಕ್ ಸಂಶೋಧಕನೊಬ್ಬನಿಂದ ರೋಮಿನ ಚಕ್ರವರ್ತಿಗೆ ಹಬೆ ಹಡಗನ್ನೂ ಪ್ರೆಷರ್ ಕುಕ್ಕರನ್ನೂ ಕೊಡಿಸುತ್ತಾರೆ. ದೊರೆಗೆ ಹಿಡಿಸುವುದು ಕುಕ್ಕರ್. ಸಂಶೋಧಕನನ್ನು ರಾಯಭಾರಿಯಾಗಿ ಚೀನಾಕ್ಕೆ ಕಳಿಸಿಬಿಡುತ್ತಾನೆ. 1980ರ ‘ಕಾಸ್ಮಾಸ್’ನಲ್ಲಿ ಕಾರ್ಲ್ ಸೇಗನ್ ಇನ್ನೂ ಮುಂದೆ ಹೋಗಿ, ಪ್ರಾಚೀನ ಗ್ರೀಕ್ ಚಿಂತಕರಾದ ಅಯೋನಿಯನ್ನರ ಪ್ರಯೋಗಬುದ್ಧಿ ಗೆದ್ದಿದ್ದರೆ ಇಂದು ಗ್ರೀಕ್ ಅಕ್ಷರ ಬರೆದ ನೌಕೆಗಳು ನಕ್ಷತ್ರಗಳತ್ತ ಹೊರಟಿರುತ್ತಿದ್ದವೆಂದು ಕನಸು ಕಂಡರು. ಆ ಕನಸಿನ ಬಗ್ಗೆ ನನಗೆ ಪ್ರೀತಿ ಇದೆ. ಆದರೆ ಗೋಲ್ಡಿಂಗ್ ಮನುಷ್ಯರನ್ನು ಹೆಚ್ಚು ಬಲ್ಲವರು ಅನ್ನಿಸುತ್ತದೆ.

ಗುಲಾಮಗಿರಿಯ ವಾದ ಆಮೇಲೆ ಸಡಿಲಗೊಂಡಿತು. ಹತ್ತೊಂಬತ್ತನೆಯ ಶತಮಾನದ ಕ್ಯೂಬಾದಲ್ಲಿ ಕಬ್ಬು ಅರೆಯುವ ಹಬೆ ಎಂಜಿನ್ನಿನ ಪಕ್ಕದಲ್ಲೇ ಗುಲಾಮರು ದುಡಿದರು. ಒಂದು ಬಂದೊಡನೆ ಇನ್ನೊಂದು ಹೋಗಲಿಲ್ಲ. ಓರ್ಯಾನ್ ವಿಕಾಂಡರ್ 1984ರಲ್ಲಿ ರೋಮನ್ ಗಿರಣಿಗಳ ಕುರುಹುಗಳನ್ನು ಒಟ್ಟುಮಾಡಿ ಬ್ಲಾಕ್ ಅವರ ಚಿತ್ರವನ್ನೇ ತಿದ್ದಿದರು. ಫ್ರಾನ್ಸಿನ ಬಾರ್ಬೆಗಾಲ್‌ನಲ್ಲಿ ಇಳಿಜಾರಿನುದ್ದಕ್ಕೂ 16 ನೀರುಚಕ್ರಗಳ ಹಿಟ್ಟಿನ ಗಿರಣಿ ಇತ್ತು. ಟರ್ಕಿಯ ಹಿಯೆರಾಪೊಲಿಸ್‌ನಲ್ಲಿ ಮೂರನೆಯ ಶತಮಾನದ ಶವಪೆಟ್ಟಿಗೆಯೊಂದರ ಮೇಲೆ ನೀರುಚಕ್ರದಿಂದ ಕಲ್ಲು ಕೊಯ್ಯುವ ಗರಗಸದ ಕೆತ್ತನೆ ಇದೆ. ಅದರಲ್ಲಿ ತಿರುಗುವ ಚಲನೆಯನ್ನು ಹಿಂದುಮುಂದಿನ ಚಲನೆಯಾಗಿಸುವ ಕ್ರ್ಯಾಂಕಿನ ಏರ್ಪಾಡು ಕಾಣುತ್ತದೆ. ಯಂತ್ರವೆಂದರೆ ಮುಖ ತಿರುಗಿಸಿದ ಜನರ ಕೆಲಸ ಇದಲ್ಲ. 2000ದಲ್ಲಿ ಕೆವಿನ್ ಗ್ರೀನ್ ಫಿನ್ಲೆಯ ಪ್ರಬಂಧವನ್ನೇ ಎದುರಿಟ್ಟುಕೊಂಡು ಮರುವಿಚಾರಣೆ ನಡೆಸಿದರು.

ಈ ನಡುವೆ ತಂತ್ರಜ್ಞಾನದ ಇತಿಹಾಸ ಬರೆದ ಡ್ರಾಕ್‌ಮನ್, ಲ್ಯಾಂಡೆಲ್ಸ್‌ರಂಥವರು ಯಂತ್ರವನ್ನೇ ಪರೀಕ್ಷೆಗೆ ಹಿಡಿದಿದ್ದರು. ಹೆರಾನನ ಗುಂಡಿನ ದೌರ್ಬಲ್ಯ ಇರುವುದು ಸ್ಥಿರವಾದ ಕೊಳವೆ ತಿರುಗುವ ಗುಂಡನ್ನು ಹೊಗುವ ಸಂದಿನಲ್ಲಿ. ಅಲ್ಲಿ ಸಡಿಲ ಬಿಟ್ಟರೆ ಹಬೆ ಸೋರುತ್ತದೆ. ಬಿಗಿ ಮಾಡಿದರೆ ಘರ್ಷಣೆ ತಿರುಗುವಿಕೆಯನ್ನೇ ನುಂಗುತ್ತದೆ. ಗುಂಡು ವೇಗವಾಗಿ ಸುತ್ತುತ್ತದೆ, ಭಾರ ಎಳೆಯಲಾರದು. ಉರಿಸಿದ ಸೌದೆಯ ಶಕ್ತಿಯಲ್ಲಿ ಕೆಲಸಕ್ಕೆ ಬರುವುದು ತೀರ ಅತ್ಯಲ್ಪ.

ಆದ್ದರಿಂದ ಈ ಊಹೆ ಹೆರಾನನ ಗುಂಡಿನಿಂದ ಹೊರಟರೆ ದಾರಿ ತಪ್ಪುತ್ತದೆಂದು ನನ್ನ ದೃಢ ಅಭಿಪ್ರಾಯ. ಹೊರಡಬೇಕಾದ್ದು ಕ್ರಿ.ಪೂ. ಮೂರನೆಯ ಶತಮಾನದ ಗ್ರೀಕ್ ಯಂತ್ರಜ್ಞ ಕ್ಟೆಸಿಬಿಯಸ್‌ನ ಪಂಪಿನಿಂದ. ಕಂಚಿನ ಎರಡು ಸಿಲಿಂಡರು, ಅವುಗಳಲ್ಲಿ ಬಿಗಿಯಾಗಿ ಕೂರುವ ಪಿಸ್ಟನ್ನು, ನೀರನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ, ಎರಡನ್ನೂ ಎತ್ತಿ ಇಳಿಸುವ ಅಡ್ಡದಂಡ. 1712ರಲ್ಲಿ ಥಾಮಸ್ ನ್ಯೂಕಾಮನ್ ಡಡ್ಲಿ ಬಳಿಯ ಕಲ್ಲಿದ್ದಲ ಗಣಿಯಲ್ಲಿ ನಿಲ್ಲಿಸಿದ ಎಂಜಿನ್ನಿಗೂ ಬೇಕಾದದ್ದು ಸಿಲಿಂಡರು, ಪಿಸ್ಟನ್ನು, ಕವಾಟ, ದಂಡಗಳೇ. ಅವನ ಮೊದಮೊದಲ ಸಿಲಿಂಡರುಗಳು ಹಿತ್ತಾಳೆಯವು. ಎರಕದ ಕಬ್ಬಿಣ ಆಮೇಲಿನದು. ಲೋಹದ ಕೊರತೆಯಿಂದ ಗ್ರೀಕರು ಸೋತರೆಂಬ ಮಾತು ಇಲ್ಲಿ ನಿಲ್ಲದು.

ಕೊರತೆಯಾದದ್ದು ಒಂದು ತಿಳಿವಳಿಕೆ. ನ್ಯೂಕಾಮನ್ನನ ಎಂಜಿನ್ನಿನಲ್ಲಿ ಹಬೆ ಪಿಸ್ಟನ್ನನ್ನು ತಳ್ಳುವುದಿಲ್ಲ. ತಣ್ಣೀರು ಸಿಡಿಸಿದಾಗ ಹಬೆ ನೀರಾಗಿ ಒಳಗೆ ನಿರ್ವಾತ ಉಂಟಾಗುತ್ತದೆ, ಹೊರಗಿನ ಗಾಳಿಯ ಭಾರ ಪಿಸ್ಟನ್ನನ್ನು ಕೆಳಗೊತ್ತುತ್ತದೆ. ಇದರ ಹಿಂದೆ 1643ರಲ್ಲಿ ಟಾರಿಚೆಲ್ಲಿಯ ಪಾದರಸದ ನಳಿಕೆ, ಆಮೇಲೆ ಗೆರಿಕೆಯ ನಿರ್ವಾತ ಪ್ರಯೋಗಗಳು, 1690ರಲ್ಲಿ ಪಾಪೆನ್ ಮಾಡಿದ ಪುಟ್ಟ ಸಿಲಿಂಡರು ಇವೆ. ನಿರ್ವಾತವೇ ಇರದೆಂದ ಅರಿಸ್ಟಾಟಲ್‌ಗಿಂತ ಹೆರಾನ್ ಒಂದು ಹೆಜ್ಜೆ ಮುಂದಿದ್ದ: ವಸ್ತುವಿನ ಕಣಗಳ ನಡುವೆ ಸಣ್ಣ ಸಣ್ಣ ಶೂನ್ಯಗಳಿವೆಯೆಂದೂ ಬಲ ಹಾಕಿದರೆ ದೊಡ್ಡ ಶೂನ್ಯವನ್ನೂ ಮಾಡಬಹುದೆಂದೂ ‘ನ್ಯುಮಾಟಿಕಾ’ದ ಮುನ್ನುಡಿಯಲ್ಲಿ ವಾದಿಸುತ್ತಾನೆ. ನಮ್ಮ ಸುತ್ತಲಿನ ಗಾಳಿಯ ಭಾರವೇ ಕೆಲಸ ಮಾಡಬಲ್ಲದೆಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಮುನ್ನುಡಿ.

ಇತ್ತೀಚಿನ ಚರ್ಚೆ ಉರುವಲಿನತ್ತ ಹೊರಳಿದೆ. ಕೂಲಿ ದುಬಾರಿ, ಕಲ್ಲಿದ್ದಲು ಅಗ್ಗ: ಹದಿನೆಂಟನೆಯ ಶತಮಾನದ ಬ್ರಿಟನ್ನಿನಲ್ಲಿ ಇವೆರಡೂ ಒಟ್ಟಿಗಿದ್ದುದರಿಂದಲೇ ಅಷ್ಟು ಉರುವಲು ತಿನ್ನುವ ಎಂಜಿನ್ನೂ ಲಾಭದಾಯಕವಾಯಿತೆಂದು ರಾಬರ್ಟ್ ಆಲೆನ್ 2009ರಲ್ಲಿ ವಾದಿಸಿದರು. ಅಲೆಕ್ಸಾಂಡ್ರಿಯದ ಸುತ್ತ ಕಾಡೂ ಇಲ್ಲ, ಕಲ್ಲಿದ್ದಲೂ ಇಲ್ಲ. ಸ್ಪೇನಿನ ರಿಯೋ ಟಿಂಟೋದ ರೋಮನ್ ಗಣಿಗಳಲ್ಲಿ ನೀರಿನ ಕಾಟ ನಿಜವಾಗಿತ್ತು. ಮನುಷ್ಯರು ತುಳಿಯುವ ಮರದ ಚಕ್ರಗಳನ್ನು ಒಂದರ ಮೇಲೊಂದು ಹಂತವಾಗಿ ಕೂರಿಸಿ ಅದನ್ನು ಎತ್ತುತ್ತಿದ್ದರು. ಕಲ್ಲಿದ್ದಲು ಉರಿಯುತ್ತಿದ್ದದ್ದು ದೂರದ ರೋಮನ್ ಬ್ರಿಟನ್ನಿನಲ್ಲಿ. ಅಲ್ಲಿನ ಸಿಲ್ಚೆಸ್ಟರಿನಲ್ಲಿ ಕ್ಟೆಸಿಬಿಯಸ್‌ನ ಮಾದರಿಯ ಮರದ ಪಂಪೊಂದು ಅಗೆತದಲ್ಲಿ ಸಿಕ್ಕಿದೆ. ಗ್ರೀಕ್ ಹಬೆಯಂತ್ರದ ಮುಂದಿನ ಕಾದಂಬರಿಕಾರ ತನ್ನ ಕಥೆಯನ್ನು ಅಲೆಕ್ಸಾಂಡ್ರಿಯದಿಂದ ಈ ಊರಿಗೆ ತರಲಿ. ಆಗ ಅವನು ಕಲ್ಪಿಸಬೇಕಾದದ್ದು ಆಳವಾದೊಂದು ಗಣಿ ಮತ್ತು ಗಾಳಿಯನ್ನು ತೂಗಿದ ಒಬ್ಬ ಮನುಷ್ಯ, ಇಷ್ಟೇ.